ತುಂಗಾಳ ಹೊಲಿಗೆ ಕ್ಲಾಸು

ಜಲಜಮ್ಮನವರು ಹುಡುಗಿಯ ಫ್ರಾಕಿನ ಅಂಚನ್ನು ಮಗುಚಿ, ಕನ್ನಡಕವನ್ನು ಮೇಲಕ್ಕೇರಿಸಿ, ಒಳಮಗ್ಗುಲನ್ನು ನೋಡುತ್ತಿದ್ದರು. ಪುಟ್ಟಲಕ್ಷ್ಮಿ ಕೈಯಲ್ಲಿದ್ದ ಕೋಡುಬಳೆಯನ್ನು ಕಡಿಯದೆ ಸುಮ್ಮನೆ ನಿಂತಿದ್ದಳು.

“ನೋಡ್ರೇ ಇಲ್ಲಿ, ಒಳಗಡೇನೂ ಹೊರಗಡೆ ಥರಾನೇ ಇದೆ. ಒಂದು ದಾರ ನೇತಾಡ್ತಿಲ್ಲ. ಯಾರು ಮರಿ ಹೊಲಿದಿದ್ದು?”

“ಅಮ್ಮ,” ಎಂದಳು ಪುಟ್ಟಲಕ್ಷ್ಮಿ. ಯಾರಾದರೂ ಕೇಳಿದರೆ ಹಾಗೆ ಹೇಳಬೇಕೆಂದು ಮನೆಯಲ್ಲಿ ಹೇಳಿಕೊಟ್ಟಿದ್ದರು.

ರಾಜಾಜಿನಗರದ ಆ ಬೀದಿಯ ಹೆಂಗಸರು ಶನಿವಾರ ಮಧ್ಯಾಹ್ನ ಜಲಜಮ್ಮನವರ ಹಾಲಿನಲ್ಲಿ ಸೇರುತ್ತಿದ್ದರು. ಮಹಿಳಾ ಮಂಡಳಿ ಎಂದು ಹೆಸರು. ದೇವರನಾಮ, ಉಪ್ಪಿನಕಾಯಿ, ಬೀದಿಯ ಸುದ್ದಿ ಎಲ್ಲವೂ ಅಲ್ಲಿ ಆಗುತ್ತಿತ್ತು. ಯಾರೋ ಪುಣ್ಯಾತ್ಮರು ಮಂಡಳಿಗೆ ಕೊಟ್ಟ ಹೊಲಿಗೆ ಮಿಷಿನ್ನು ಮೂಲೆಯಲ್ಲಿ ಹೂದಾನಿ ಇಡುವ ಮೇಜಾಗಿ ಕೂತಿತ್ತು.

“ತುಂಗಾ, ಬರೋ ಶನಿವಾರದಿಂದ ನೀನೇ ಇವರಿಗೆಲ್ಲ ಹೊಲಿಗೆ ಹೇಳ್ಕೊಡು. ಇಲ್ಲ ಅನ್ಬೇಡ,” ಎಂದರು ಜಲಜಮ್ಮ.

ಪುಟ್ಟಲಕ್ಷ್ಮಿಯ ತಾಯಿ ತುಂಗಾ ಮಗಳನ್ನು ಹತ್ತಿರಕ್ಕೆಳೆದುಕೊಂಡಳು. “ನಂಗೆಲ್ಲಿ ಪುರಸೊತ್ತು ಜಲಜಮ್ಮ, ಮನೆ ಕೆಲ್ಸಾನೇ ಮುಗಿಯಲ್ಲ…”

“ಯಾಕಕ್ಕಾ, ಅಣ್ಣಾವ್ರು ಒಂಚೂರು ಕೈಗೂಡ್ಸಾಕಿಲ್ವಾ?” ಎಂದು ಕೇಳಿದಳು ಅಣ್ಣಮ್ಮ. ಹಿಂದಿನ ಬೀದಿಯವಳು, ಗಂಡ ಬೆಟ್ಟಯ್ಯ ಮಿಲ್ಲಿನಲ್ಲಿ ಕೆಲಸಕ್ಕಿದ್ದ.

“ಅವ್ರಾ? ಸರಿ ಹೋಯ್ತು! ಸೂಜಿಗೆ ದಾರ ಪೋಣಿಸೋಕೂ ಬರಲ್ಲ ನಮ್ಮನೆಯವ್ರಿಗೆ. ಗುಂಡಿ ಕಿತ್ತುಹೋದ್ರೆ ಪಿನ್ನು ಚುಚ್ಕೊಂಡು ಆಫೀಸಿಗೆ ಹೋಗ್ತಾರೆ.”

ಎಲ್ಲರೂ ಗೊಳ್ಳೆಂದು ನಕ್ಕರು. ಅಣ್ಣಮ್ಮನಂತೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ತುಂಗಾ ತಿರುಗಿ ನೋಡಿದರೆ ಬಾಗಿಲಲ್ಲಿ ಅವಳ ಗಂಡ ಪುರುಷೋತ್ತಮ ನಿಂತಿದ್ದ. ಮೋಡ ಕವಿದದ್ದನ್ನು ನೋಡಿ ಕೊಡೆ ತಂದಿದ್ದ. ಅವನೂ ನಕ್ಕ.

ಬೀದಿಯವರಿಗೆ ಗೊತ್ತಿಲ್ಲದ ಸಂಗತಿಯೆಂದರೆ ಆ ಫ್ರಾಕನ್ನು ಕತ್ತರಿಸಿ ಹೊಲಿದವನು ಪುರುಷೋತ್ತಮನೇ. ತುಂಗಾಳ ರವಿಕೆ, ಮಗಳ ಲಂಗ, ದಿಂಬಿನ ಚೀಲ ಎಲ್ಲವೂ ಅವನ ಕೈಯವೇ. ತಂದೆ ತೀರಿಕೊಂಡ ಮೇಲೆ ತಿಪಟೂರಿನಲ್ಲಿ ಖಾದರ್ ಸಾಹೇಬರ ಟೈಲರ್ ಅಂಗಡಿಯಲ್ಲಿ ಕಾಜಾ ಹಾಕುತ್ತ, ಗುಂಡಿ ಹೊಲಿಯುತ್ತ ಎಸ್ಸೆಸ್ಸೆಲ್ಸಿ ಮುಗಿಸಿದವನು ಅವನು. ಈಗ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಮದುವೆಯ ಹೊಸತರಲ್ಲಿ ತುಂಗಾಳ ತಾಯಿ, “ಅಳಿಯಂದಿರು ದರ್ಜಿ ಕೆಲಸ ಮಾಡ್ತಾರೆ ಅಂತ ನಾಲ್ಕು ಜನಕ್ಕೆ ಗೊತ್ತಾಗೋದು ಬೇಡ ಕಣೇ” ಎಂದಿದ್ದರು. ಅಂದಿನಿಂದ ಹೊಲಿದವಳು ತುಂಗಾ ಎಂದೇ ಆಗಿಹೋಯಿತು. ಅವನೂ ಬೇಡವೆನ್ನಲಿಲ್ಲ.

ಆದರೆ ಭಾನುವಾರದ ಸುಖದಲ್ಲಿ ಸುಳ್ಳಿರಲಿಲ್ಲ. ತಿಂಡಿ ಮುಗಿಸಿ ಮೂವರೂ ಮೆಜೆಸ್ಟಿಕ್ಕಿನ ಬಸ್ಸು ಹತ್ತುತ್ತಿದ್ದರು. ಅಲ್ಲಿಂದ ನಡೆದು ಹೋದರೆ ಸಂಡೇ ಬಜಾರು. ಫುಟ್‌ಪಾತಿನ ಉದ್ದಕ್ಕೂ ಹಳೆಯ ಬಟ್ಟೆಯ ರಾಶಿಗಳು, ಕಟ್ ಪೀಸುಗಳು, ಅಂಚು ತಪ್ಪಿದ ಮಿಲ್ಲಿನ ಬಟ್ಟೆಗಳು. ಪುರುಷೋತ್ತಮ ಕುಕ್ಕರಗಾಲಿನಲ್ಲಿ ಕೂತು, ಹೆಬ್ಬೆರಳು ತೋರುಬೆರಳುಗಳ ನಡುವೆ ಬಟ್ಟೆಯನ್ನು ಉಜ್ಜಿ, ಕಣ್ಣು ಮುಚ್ಚಿ ಯೋಚಿಸುತ್ತಿದ್ದ. ಹಿಡಿಸಿತೆಂದರೆ ತುಂಗಾಳ ಕಡೆ ನೋಡುತ್ತಿದ್ದ. ಚೌಕಾಸಿ ಅವಳದು. ಅವನಿಗೆ ಬಾಯಿಲ್ಲ, ಅಂಗಡಿಯವನು ಹೇಳಿದ್ದಕ್ಕೆ ತಲೆಯಾಡಿಸಿಬಿಡುವ ಜಾತಿ. ಜಲಜಮ್ಮ ಮೆಚ್ಚಿದ ಫ್ರಾಕು ಕಂಟೋನ್ಮೆಂಟಿನ ಯಾವುದೋ ಬಂಗಲೆಯಲ್ಲಿ ಕಿಟಕಿ ಪರದೆಯಾಗಿದ್ದದ್ದು. ವಾಪಸ್ಸು ಬರುವಾಗ ಬೈ ಟೂ ಕಾಫಿ, ಮಗಳಿಗೊಂದು ಜಾಮೂನು. ಬಸ್ಸಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು, “ಇದು ಪಫ್ ತೋಳಿಗೆ ಸರಿ, ಅಲ್ವಾ?” ಎಂದು ಅವನು ಕೇಳುವುದು, ಅವಳು “ಅತ್ತಿಗೆಗೆ ಒಂದು ರವಿಕೇನೂ ಆಗತ್ತೆ ನೋಡಿ” ಎನ್ನುವುದು.

ಮಾರನೆಯ ದಿನ ಭಾನುವಾರ. ಪುರುಷೋತ್ತಮ ತಿಂಡಿ ತಿಂದು ಪೇಪರು ಹಿಡಿದು ಕೂತ. ಪುಟ್ಟಲಕ್ಷ್ಮಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತೇ ಇದ್ದಳು.

“ಹೊರಡಲ್ವೇನ್ರೀ?”

“ಇವತ್ತು ಬೇಡ.”

“ಮೈಗೆ ಹುಷಾರಿಲ್ವಾ?”

“ಹುಷಾರಾಗಿದೀನಿ.”

ತುಂಗಾ ಮಗಳನ್ನು ಆಡಲು ಕಳಿಸಿ ಗಂಡನ ಎದುರು ಕೂತಳು. “ನಿನ್ನೆ ಅಂದಿದ್ದಕ್ಕೆ ಬೇಜಾರಾ? ಇಷ್ಟು ವರ್ಷ ನಾನೇ ಹೊಲಿದಿದ್ದು ಅಂತಾನೇ ಅಲ್ವಾ ಹೇಳ್ಕೊಂಡು ಬಂದಿದ್ದು?”

ಅವನು ಪೇಪರನ್ನು ಮಡಿಸಿದ. “ನೀನು ಹೊಲಿದೆ ಅಂದಿದ್ದಕ್ಕೆ ನಂಗೇನೂ ಇಲ್ಲ ಕಣೇ. ನಿಂಗೇ ಅಂತ ತಾನೇ ಹೊಲಿಯೋದು. ಆದ್ರೆ ನಂಗೆ ಬರಲ್ಲ ಅಂದ್ಯಲ್ಲ.” ಮಡಿಸಿದ ಪೇಪರನ್ನು ಪಕ್ಕಕ್ಕಿಟ್ಟು ಹೇಳಿದ: “ಅಷ್ಟು ಚಿಕ್ಕೋನಿದ್ದಾಗ ಅದೊಂದು ಬರ್ತಿತ್ತು ಅಂತಲೇ ನಮ್ಮಮ್ಮನಿಗೆ ಎರಡು ಹೊತ್ತು ಊಟ ಆಗ್ತಿತ್ತು.”

ಅವಳು ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದಳು.

ಕ್ಲಾಸಿನ ಗೊಡವೆ ಹಾಗೇ ಉಳಿದಿತ್ತು. ಕಲಿಸಿಕೊಡಿ ಎಂದು ಅವಳೇ ಕೇಳಿದಾಗ ಅವನು ಇಲ್ಲವೆನ್ನಲಿಲ್ಲ. ಸಂಜೆ ಆಫೀಸಿನಿಂದ ಬಂದು, ಮನೆಯ ಮಿಷಿನ್ನಿನ ದಾರವಿಲ್ಲದ ಸೂಜಿಯ ಕೆಳಗೆ ಹಳೆಯ ಪೇಪರು ಇಟ್ಟು, “ಗೆರೆ ಮೇಲೆ ಓಡಿಸು. ಕಾಲು, ಕೈ ಎರಡೂ ಒಂದೇ ಲಯದಲ್ಲಿ ಹೋಗ್ಬೇಕು” ಎಂದ. ಅವಳು ಪೆಡಲು ತುಳಿದರೆ ಚಕ್ರ ಹಿಂದಕ್ಕೆ ತಿರುಗುತ್ತಿತ್ತು. ಪೇಪರಿನ ತುಂಬ ತೂತುಗಳು ಇರುವೆ ಸಾಲಿನ ಹಾಗೆ ಅತ್ತಿತ್ತ ಹರಿದವು. ಅವನು ರೇಗಲಿಲ್ಲ, ನಗಲೂ ಇಲ್ಲ. ಅದೇ ಅವಳಿಗೆ ಕಷ್ಟವಾಯಿತು. ಶುಕ್ರವಾರ ರಾತ್ರಿ ಊಟದ ಮೇಲೆ ಒಂದು ಜುಬ್ಬಾದ ಬಟ್ಟೆಯನ್ನು ತಾನೇ ಕತ್ತರಿಸಿ, ಗೆರೆ ಎಳೆದು ಕೊಟ್ಟ. “ಇದರ ಮೇಲೆ ನೇರ ಹೊಲಿಗೆ ಹಾಕಿ ತೋರಿಸು, ಸಾಕು. ಉಳಿದಿದ್ದು ಮುಂದಿನ ವಾರ ಅಂದ್ಬಿಡು.”

ಶನಿವಾರ ಹೂದಾನಿ ಕೆಳಗಿಳಿಯಿತು. ಮಿಷಿನ್ನಿಗೆ ಅರಿಶಿನ ಕುಂಕುಮ ಹಚ್ಚಿದ್ದರು. ಹೆಂಗಸರು ಸುತ್ತ ಚಾಪೆಯ ಮೇಲೆ ಕೂತರು. ತುಂಗಾ ಬಟ್ಟೆ ಇಟ್ಟು ತುಳಿದಳು. ನಾಲ್ಕು ಬೆರಳಿನಷ್ಟು ನೆಟ್ಟಗೆ ಹೋದ ಹೊಲಿಗೆ ಆಮೇಲೆ ಗೆರೆಯನ್ನು ಬಿಟ್ಟು ಬದಿಗೆ ಹೊರಳಿತು. ಕೆಳಗೆ ದಾರ ಗಂಟು ಗಂಟಾಗಿ ಸಿಕ್ಕಿಕೊಂಡಿತು.

“ಮಿಷಿನ್ನು ಹೊಸದು, ಕೈಗೆ ಹೊಂದಿಲ್ಲ ಅಂತ ಕಾಣತ್ತೆ,” ಎಂದರು ಜಲಜಮ್ಮ.

ಹೌದು ಎಂದರೆ ಮುಗಿದುಹೋಗುತ್ತಿತ್ತು. ತುಂಗಾ ಬಾಯಿ ತೆರೆದಳು ಕೂಡ. ತೊಡೆಯ ಮೇಲಿದ್ದ ಜುಬ್ಬಾದ ತುಂಡಿನಲ್ಲಿ ಅವನು ಸೀಮೆಸುಣ್ಣದಿಂದ ಎಳೆದ ಗೆರೆ ಕುತ್ತಿಗೆಯ ಹತ್ತಿರ ದುಂಡಗೆ, ಒಂದೇ ಉಸಿರಿನಲ್ಲಿ ತಿರುಗಿತ್ತು.

“ಮಿಷಿನ್ನಿಂದಲ್ಲ ಜಲಜಮ್ಮ. ನಂಗೆ ಬರಲ್ಲ. ಎಲ್ಲಾ ಹೊಲಿಯೋರು ನಮ್ಮನೆಯವ್ರು. ಚಿಕ್ಕಂದಿನಲ್ಲಿ ಟೈಲರ್ ಅಂಗಡೀಲಿ ಕೆಲಸ ಮಾಡಿ ಕಲ್ತಿದ್ದು.”

ಜಲಜಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ಹಾಗಾ,” ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, “ಗಂಡಸರ ಹತ್ರ ಇವರೆಲ್ಲ ಹೇಗೆ ಕಲೀತಾರೆ? ಮಲ್ಲೇಶ್ವರದಲ್ಲಿ ಒಬ್ಬರು ಟೀಚರ್ ಇದಾರಂತೆ, ವಿಚಾರಿಸ್ತೀನಿ ಬಿಡು” ಎಂದರು. ಕಾಫಿ ಬಂತು. ಅವತ್ತು ತುಂಗಾಳ ಜೊತೆ ಯಾರೂ ಹೆಚ್ಚು ಮಾತಾಡಲಿಲ್ಲ.

ಮನೆಗೆ ಬಂದು ಹೇಳಿದಾಗ ಪುರುಷೋತ್ತಮ ಅಕ್ಕಿ ಆರಿಸುತ್ತಿದ್ದ.

“ಅಂಗಡೀಲಿ ಇದ್ದಿದ್ದೂ ಹೇಳ್ದ್ಯಾ?”

“ಹೇಳ್ದೆ.”

“ಏನಂದ್ರು?”

“ಏನೂ ಅನ್ಲಿಲ್ಲ. ಮುಂದಿನ ಶನಿವಾರ ನನ್ನ ಕರೀತಾರೋ ಇಲ್ವೋ.”

ಅವನು ಮೊರವನ್ನು ಒಮ್ಮೆ ಅಲುಗಿಸಿ, ಒಂದು ಕಲ್ಲು ಹೆಕ್ಕಿ ಎಸೆದ. “ನಿಮ್ಮಮ್ಮನಿಗೆ ಗೊತ್ತಾದ್ರೆ?” ಎಂದ.

“ಗೊತ್ತಾಗ್ಲಿ,” ಎಂದಳು.

ಮರುದಿನ ಬೆಳಿಗ್ಗೆ ಅವರು ಬಜಾರಿಗೆ ಹೊರಡುವ ಹೊತ್ತಿಗೆ ಗೇಟು ಸದ್ದಾಯಿತು. ಅಣ್ಣಮ್ಮ ಮುಂದೆ, ಕಂಕುಳಲ್ಲಿ ಕೋಟು ಇರುಕಿಕೊಂಡ ಬೆಟ್ಟಯ್ಯ ಹಿಂದೆ.

“ಅಣ್ಣಾವ್ರು ಅವ್ರಾ ಅಕ್ಕಾ? ಇವ್ರ ತಮ್ಮನ್ ಮದ್ವೆ. ಬಜಾರ್‌ನಾಗೆ ಒಳ್ಳೆ ಕೋಟು ಸಿಕ್ತು ಅಂತ ತಂದ್ಬುಟ್ಟವ್ರೆ, ಒಳೀಕೆ ತೂರಾಕಾಯ್ತಿಲ್ಲ.”

ಪುರುಷೋತ್ತಮ ಕೋಟನ್ನು ಇಸಿದುಕೊಂಡು ತಿರುವಿ, ಬೆನ್ನಿನ ಹೊಲಿಗೆಯನ್ನು ಬೆರಳಲ್ಲಿ ಬಿಡಿಸಿ ನೋಡಿದ. “ಒಳಗೆ ಬಟ್ಟೆ ಬಿಟ್ಟಿದಾರೆ. ಅಗಲ ಮಾಡ್ಬೋದು,” ಎಂದ. ಒಳಗೆ ಬನ್ನಿ ಎಂದು ತುಂಗಾ ಕರೆಯುವ ಮೊದಲೇ ಅವನು, “ಇಲ್ಲೇ ಬೆಳಕು ಚೆನ್ನಾಗಿದೆ. ಟೇಪು ತಗೊಂಡ್ಬಾ” ಎಂದ.

ಬೆಟ್ಟಯ್ಯ ಜಗಲಿಯ ಮೇಲೆ ಎರಡೂ ಕೈ ಚಾಚಿ ನಿಂತ. ಬೀದಿಯಲ್ಲಿ ಹಾಲಿನವನು ಸೈಕಲ್ಲಿನಿಂದ ಇಳಿದು ನೋಡಿದ. ಎದುರು ಮನೆಯ ಕಿಟಕಿ ತೆರೆಯಿತು. ಪುರುಷೋತ್ತಮ ಟೇಪನ್ನು ಬೆಟ್ಟಯ್ಯನ ಎದೆಯ ಸುತ್ತ ತಂದು ಅಂಕಿ ಹೇಳಿದ. ತುಂಗಾ ಪೇಪರಿನ ಅಂಚಿನಲ್ಲಿ ಬರೆದುಕೊಂಡಳು. ಆಮೇಲೆ ಟೇಪು ಹೊಟ್ಟೆಗೆ ಇಳಿಯಿತು.

“ಇನ್ನೆಷ್ಟೊತ್ತು ಸ್ವಾಮಿ ಹಿಂಗೇ ನಿಂತ್ಕಳಾದು?”

“ಹೊಟ್ಟೆ ಒಳಗೆ ಎಳ್ಕೋಬೇಡಿ ಬೆಟ್ಟಯ್ಯ. ಉಸಿರು ಬಿಡಿ, ಆರಾಮಾಗಿ ಬಿಡಿ.”

ಬೆಟ್ಟಯ್ಯ ಉಸಿರು ಬಿಟ್ಟ. ಟೇಪು ಪುರುಷೋತ್ತಮನ ಬೆರಳುಗಳ ನಡುವೆ ನಿಧಾನವಾಗಿ ಸರಿಯಿತು.