ನೀಲಿ ಗೌನಿನೊಳಗಿನ ಯಮನೂರಮ್ಮ

ಬಾಗಿಲಿನ ಗಾಜಿನಾಚೆ ಕಿರಿಸೊಸೆ ಲಲಿತಾ, ಅತ್ತೆಯ ತಲೆ ಬಾಚುತ್ತಿದ್ದಳು. ಈಚೆ ಬೆಂಚಿನ ಮೇಲೆ ಕುಳಿತ ಯಮನೂರಮ್ಮನಿಗೆ ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದಂತಾಯಿತು. ಬೇವೂರಿಗೆ ಸೊಸೆಯಾಗಿ ಬಂದ ದಿನದಿಂದ ಆ ತಲೆಗೆ ಎಣ್ಣೆ ಹಚ್ಚಿದವಳು ತಾನು. ಈಗ ಬಾಚಣಿಗೆ ನೆಗೆಣ್ಣಿಯ ಕೈಯಲ್ಲಿ.

ಅತ್ತೆ ಕಳಕಮ್ಮನ ಸೊಂಟದ ಎಲುಬು ಮುರಿದು, ಕೊಪ್ಪಳದ ಆಸ್ಪತ್ರೆಯಲ್ಲಿ ಆಪರೇಷನ್ ಆಗಿತ್ತು. ಗಾಯ ಒಣಗಲಿಲ್ಲ. ಕೀವನ್ನು ಪರೀಕ್ಷೆಗೆ ಕಳಿಸಿದ ಮೇಲೆ ಅವಳನ್ನು ಮೂಲೆಯ ಕೋಣೆಗೆ ಒಬ್ಬಳನ್ನೇ ಸಾಗಿಸಿದರು. ಇದು ಎಂಥ ಔಷಧಕ್ಕೂ ಜಗ್ಗದ ರೋಗಾಣು, ಕೈಯಿಂದ ಕೈಗೆ ದಾಟುತ್ತದೆ, ಗೌನು ಮಾಸ್ಕು ಕೈಗವಸು ಹಾಕಿಕೊಂಡು ಒಬ್ಬರೇ ಒಳಗಿರಬೇಕು ಎಂದು ಸಿಸ್ಟರ್ ಗೌಸಬೀ ತಿಳಿಸಿ ಹೇಳಿದಳು. ಹಿರಿಸೊಸೆ ನಾನೇ ಎಂದು ಯಮನೂರಮ್ಮ ಮುಂದೆ ಬಂದಾಗ ಗೌಸಬೀಯ ಕಣ್ಣು ಅವಳ ಮುಂಗೈ ಮೇಲೆ ಬಿತ್ತು. ಹಂಚು ತಾಗಿ ಸುಟ್ಟ ಗಾಯ ಇನ್ನೂ ಹಸಿಯಾಗಿತ್ತು.

“ನಿಮಗೂ ಹತ್ತತೈತಿ, ನಿಮ್ಮಿಂದ ಮಂದಿಗೂ ಹತ್ತತೈತಿ. ಸಣ್ಣಾಕಿನ್ನ ಕಳಸ್ರಿ ಅಕ್ಕಾರ.”

ಆ ಕೈ ಸುಟ್ಟದ್ದಾದರೂ ಯಾರಿಗೆ ರೊಟ್ಟಿ ಮಾಡುವಾಗ? ಈ ಅತ್ತೆಗೇ ಅಲ್ಲವೇ? ಯಮನೂರಮ್ಮ ಜಗಳಕ್ಕೇ ನಿಲ್ಲುತ್ತಿದ್ದಳು. ಆದರೆ ದೊಡ್ಡ ವಾರ್ಡಿನಲ್ಲಿದ್ದಾಗ ಅತ್ತೆಯ ಗಾಯದ ಬಟ್ಟೆ ಸರಿಪಡಿಸಿ, ತೊಳೆಯದ ಆ ಕೈಯಲ್ಲೇ ಅವಳು ಪಕ್ಕದ ಮಂಚದ ಹಜರತಬೀಗೆ ರೊಟ್ಟಿ ಮುರಿದು ಕೊಟ್ಟಿದ್ದಳು, ದಿಂಬು ಏರಿಸಿದ್ದಳು. ಆಸ್ಪತ್ರೆಯಲ್ಲಿ ಪಕ್ಕದವರನ್ನು ಬಿಟ್ಟು ಉಣ್ಣುವ ಮಂದಿಯೇ ಬೇವೂರಿನವರು? ಈಗ ಹಜರತಬೀಯ ಹೊಲಿಗೆಯಲ್ಲೂ ಕೀವು. ಅದು ಯಾರಿಂದ ಹತ್ತಿತೆಂದು ಯಾರೂ ಹೆಸರೆತ್ತಲಿಲ್ಲ. ಯಮನೂರಮ್ಮ ಸುಮ್ಮನೆ ಬೆಂಚಿಗೆ ಬಂದು ಕುಳಿತಳು.

ಸುಮ್ಮನೆ ಕುಳಿತರೂ ಕಣ್ಣು ಸುಮ್ಮನಿರಬೇಕಲ್ಲ. ಮನೆಯಲ್ಲಿ ಕೇಳಿದ್ದಕ್ಕೆ ಹೂಂ ಉಹೂಂ ಬಿಟ್ಟು ಮಾತಿಲ್ಲದ ಲಲಿತಾ, ಒಳಗೆ ಮಾಸ್ಕಿನ ಹಿಂದೆ ಒಂದೇ ಸಮ ಮಾತಾಡುತ್ತಿದ್ದಳು. ಅತ್ತೆ ಬೊಚ್ಚುಬಾಯಿ ತೆರೆದು ನಗುತ್ತಿದ್ದಳು. ಏನು ಕಿವಿ ತುಂಬುತ್ತಿದ್ದಾಳೆ? ಹೊರಗೆ ಬಂದಾಗ ಕೇಳಿದರೆ, ಮನೆ ಸುದ್ದಿ ಎಂದಷ್ಟೇ ಹೇಳಿ ಲಲಿತಾ ನೆಲ ನೋಡಿದಳು. ಅದರಿಂದ ಕಿಚ್ಚು ಇನ್ನೂ ಏರಿತು.

ಮಧ್ಯಾಹ್ನ ಲಲಿತಾ ಸ್ನಾನಕ್ಕೆ ಹೋದಳು. ಗೌಸಬೀಯನ್ನು ಬೇರೆ ವಾರ್ಡಿಗೆ ಕರೆದರು. ಯಮನೂರಮ್ಮ ಎದ್ದು ನೀಲಿ ಗೌನು, ಟೊಪ್ಪಿಗೆ, ಮಾಸ್ಕು ಹಾಕಿಕೊಂಡಳು. ಸುಟ್ಟ ಗಾಯದ ಮೇಲೆ ಕೈಗವಸು ಏರಲಿಲ್ಲ. ಹಾಗೇ ಒಳಗೆ ಹೋದಳು. ದನಿ ಹೊರಗೆ ಕೇಳೀತೆಂದು ತುಟಿ ಬಿಚ್ಚಲಿಲ್ಲ.

ಅತ್ತೆಯ ಪೊರೆ ಬಂದ ಕಣ್ಣುಗಳು ಅವಳನ್ನು ಬಹಳ ಹೊತ್ತು ನೋಡಿದವು.

“ಲಲಿತಾ ಏನವಾ? ಯಮನೂರಿ ಎಲ್ಲಿ ಹೋಗ್ಯಾಳ?”

ಯಮನೂರಮ್ಮ ಮಂಚದ ಹತ್ತಿರ ಸರಿದಳು.

“ಹಗಲೆಲ್ಲಾ ವಟಾವಟಾ ಅಂತಿರ್ತಾಳ ನನ್ನ ಯಮನೂರಿ. ಮಾತಿಲ್ಲದ್ದು ನೋಡೇ ನೀನಂತ ಗೊತ್ತಾತು.”

ಯಮನೂರಮ್ಮ ಬರಿಗೈ ಚಾಚಿದಳು. ಅತ್ತೆ ತನ್ನ ಕೈಯನ್ನು ಚಾದರದೊಳಗೆ ಎಳೆದುಕೊಂಡಳು.

“ತೊಳದಿಯೇನು? ಯಮನೂರಿ ಕೈ ತೊಳೀದ ನನ್ನ ಮುಟ್ಟಂಗಿಲ್ಲ. ಹೊರಗ ಹೋಗವಾ. ನೀ ಸಣ್ಣಾಕಿ, ನಿನಗ ಹತ್ತೀತು.”

ಅತ್ತೀ ಎಂದು ಒಮ್ಮೆ ಕರೆದರೆ ಸಾಕಿತ್ತು, ಹೆಸರು ಮರಳಿ ತನ್ನದಾಗುತ್ತಿತ್ತು. ಕರೆದರೆ ಮುದುಕಿ ಈ ಕೈಯನ್ನೇ ಬಾಚಿ ಹಿಡಿದುಕೊಳ್ಳುತ್ತಿದ್ದಳು, ಸುಟ್ಟ ಗಾಯದ ಮೇಲೆಯೇ. ಆಮೇಲೆ ಲಲಿತಾಳನ್ನು ಹತ್ತಿರ ಬರಗೊಡುತ್ತಿರಲಿಲ್ಲ. ಯಮನೂರಮ್ಮನಿಗೆ ಈಗ ಲಲಿತಾಳ ಮೇಲಲ್ಲ, ಕೈ ತೊಳೆದು ಮುಟ್ಟುವ ಆ ಇನ್ನೊಬ್ಬ ಯಮನೂರಿಯ ಮೇಲೆ ಹೊಟ್ಟೆಕಿಚ್ಚಾಯಿತು. ಅವಳು ತನಗಿಂತ ಛಲೋ ಸೊಸೆ.

ಹೊರಗೆ ಬಂದು ಗೌನನ್ನು ಹಳದಿ ಡಬ್ಬಿಗೆ ಹಾಕಿ ನಲ್ಲಿ ತಿರುವಿದಳು. ಸೋಪು ತಾಗಿ ಗಾಯ ಚುರ್ರೆಂದಿತು. ಗೌಸಬೀ ತೋರಿಸಿದಂತೆ ಬೆರಳ ಸಂದಿಯನ್ನೂ ಬಿಡದೆ ಉಜ್ಜಿದಳು. ಒದ್ದೆ ಕೂದಲಿನ ಲಲಿತಾ ಬಂದು ಸೋಪಿನ ನೊರೆ ನೋಡಿದಳು, ಡಬ್ಬಿ ನೋಡಿದಳು.

“ನಾ ಒಳಗ ಭಾಳ ಮಾತಾಡ್ತೀನಂತಲ್ಲ,” ಎಂದಳು ಯಮನೂರಮ್ಮ.

ಲಲಿತಾಳ ಮುಖ ಇಳಿಯಿತು. “ಅತ್ತಿ ನಿನ್ನ ಕೈಲೇ ಉಣ್ತೀನಿ ಅಂತ ಹಟ ಹಿಡದ್ರಕ್ಕಾ. ನಾನ ಯಮನೂರಿ ಅಂದೆ. ಆಮ್ಯಾಲ ಆ ಸುಳ್ಳು ಬಿಡಾಕ ಆಗ್ಲಿಲ್ಲ.”

“ಏನೇನ್ ಮಾತಾಡ್ತೀನಿ?”

“ಎಲ್ಲಾ. ಲಲಿತಾಗ ರೊಟ್ಟಿ ಬಡಿಯಾಕ ಬರಂಗಿಲ್ಲಂತ ಬೈತೀನಿ.”

ಯಮನೂರಮ್ಮ ಕೈ ಒರೆಸಿಕೊಂಡಳು. ಹೊಸ ಗೌನಿನ ಮಡಿಕೆ ಬಿಚ್ಚಿ ಲಲಿತಾಳಿಗೆ ತೊಡಿಸಿ, ಬೆನ್ನು ತಿರುಗಿಸಿ ಲಾಡಿ ಹಿಡಿದಳು.

“ನಾ ಹಂಗ ಬೈಯಂಗಿಲ್ಲ. ಹರಕ ರೊಟ್ಟಿ, ತವರಮನ್ಯಾಗ ಏನ್ ಕಲ್ತಾಳೋ ಏನೋ, ಅಂತೀನಿ. ನನ್ಹಂಗ ಆಗೂದಿದ್ರ ಪೂರಾ ಆಗು.”

ಗಂಟು ತುಸು ಬಿಗಿಯಾಗಿಯೇ ಬಿತ್ತು. ಸಡಿಲ ಮಾಡಲು ಅವಳಿಗೆ ಮನಸ್ಸಾಗಲಿಲ್ಲ.