ಒಗ್ಗದ ಜೋಡಿ

ಮೇಲಿನ ಸ್ವರಗಳು ಇನ್ನು ಕೇಳಿಸುವುದಿಲ್ಲ ಎಂದು ಕಿವಿಯ ವೈದ್ಯರು ಖಚಿತವಾಗಿ ಹೇಳಿ ಕಳಿಸಿದ ಮೇಲೆ, ಪ್ಯೊ ಸಾಂಗ್‌ಗಿಲ್ ಹೆಂಡತಿಯ ಎದುರು ಬಂದು ಕುಳಿತ. ಮದುವೆಯಾದಂದಿನಿಂದ ಅವನು ಕೇಳದಿದ್ದ ಸಹಾಯವೊಂದನ್ನು ಕೇಳಿದ.

"ಬೊಕ್‌ಸೂನ್, ಸ್ಪೀಕರ್ ಆರಿಸೋಕೆ ನೀನು ಬರ್ಬೇಕು."

"ನಾನಾ? ನಿಮ್ಮ ಗೆಳೆಯ ದೊಂಗ್‌ಶಿಕ್ ಇಲ್ವಾ?"

"ಅವನಿಗೆ ಹೇಳಿದ್ರೆ ಸಿಯೋಲ್ ತುಂಬಾ ಡಂಗುರ ಸಾರ್ತಾನೆ, ಸಾಂಗ್‌ಗಿಲ್ ಕಿವುಡನಾದ ಅಂತ. ನಿನ್ನ ಕಿವಿ ಚೆನ್ನಾಗಿದೆ. ನಂಗೊತ್ತು."

ಅವಳ ಕಿವಿ ಚೆನ್ನಾಗಿದೆಯೆಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಹಿಂದೊಮ್ಮೆ ಎಡಗಡೆಯ ಸ್ಪೀಕರಿನಲ್ಲಿ ಮೇಲಿನ ಸ್ವರಗಳೇ ಬರುತ್ತಿಲ್ಲವೆಂದು ಅಡುಗೆಮನೆಯಿಂದಲೇ ಹೇಳಿದ್ದಳು. ಎದುರಿಗೇ ಕೂತು ಕೇಳುತ್ತಿದ್ದ ಗೆಳೆಯರ ಗುಂಪಿನಲ್ಲಿ ಒಬ್ಬರಿಗೂ ಅದು ತಿಳಿದಿರಲಿಲ್ಲ. ಬಿಚ್ಚಿ ನೋಡಿದರೆ ತಂತಿ ಕಡಿದಿತ್ತು. "ಏನೋ ಬಾಯಿಗೆ ಬಂದದ್ದು ಹೇಳಿದ್ಲು, ಸರಿ ಹೋಯ್ತು" ಎಂದು ಸಾಂಗ್‌ಗಿಲ್ ಅಂದು ನಕ್ಕಿದ್ದ.

ಈಗಷ್ಟೇ ಅವರು ದೊಡ್ಡ ಮನೆಯನ್ನು ಬಿಟ್ಟು ಪುಪ್ಯೊಂಗ್‌ನ ಪುಟ್ಟ ಅಪಾರ್ಟ್‌ಮೆಂಟಿಗೆ ಬಂದಿದ್ದರು. ಬೀರುವಿನಷ್ಟಿದ್ದ ಹಳೆಯ ಸ್ಪೀಕರುಗಳು ಈ ಮನೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಉಳಿದಿದ್ದು ಗಾಜಿನ ವಾಲ್ವುಗಳ ಆಂಪ್ಲಿಫೈಯರ್ ಒಂದೇ. ಅದನ್ನು ಅವನು ಟ್ಯಾಕ್ಸಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ.

ಯೊಂಗ್‌ಸಾನ್ ಪೇಟೆಯ ಸ್ಪೀಕರ್ ಅಂಗಡಿಯವನು ಆಂಪ್ಲಿಫೈಯರಿನ ವಿವರ, ಕೋಣೆಯ ಅಳತೆ ಎಲ್ಲ ಕೇಳಿಕೊಂಡು ಎರಡು ಜೋಡಿಗಳನ್ನು ಮುಂದಿಟ್ಟ. ಒಂದು ಕಂದು ಮರದ ಗಿಡ್ಡ ಪೆಟ್ಟಿಗೆ, ಮುಂಭಾಗದಲ್ಲಿ ಅಗಲವಾದ ಕಾಗದದ ಪರದೆ. ಇನ್ನೊಂದು ಎದೆಯೆತ್ತರದ ಕಪ್ಪು ಗೋಪುರ.

"ಅಜ್ಜೀ, ನಿಮ್ಮ ಆಂಪ್ಲಿಫೈಯರಿಗೆ ಶಕ್ತಿ ಕಡಿಮೆ, ಎಂಟೇ ವ್ಯಾಟು. ಈ ಕಂದು ಜೋಡಿ ಪಿಸುಗುಟ್ಟಿದ್ರೂ ಹಾಡತ್ತೆ, ಗೋಡೆಗೆ ಒತ್ತಿ ಇಟ್ರೂ ನಡಿಯತ್ತೆ. ಕಪ್ಪದ್ದು ನೋಡೋಕೆ ಚೆಂದ, ಆದ್ರೆ ಅದಕ್ಕೆ ಬಲವಾದ ಆಂಪ್ಲಿಫೈಯರ್ ಬೇಕು. ಹಿಂದೆ ತೂತಿದೆ, ಗೋಡೆಯಿಂದ ದೂರ ಇಡ್ಬೇಕು. ಚಿಕ್ಕ ಕೋಣೇಲಿ ಬರೀ ಗುಂಯ್ ಅನ್ನತ್ತೆ. ಆದ್ರೂ ಯಜಮಾನ್ರು ಎರಡೂ ಕೇಳಿಸು ಅಂದಿದಾರೆ, ಕೇಳಿ."

ಮೊದಲು ಕಂದು ಜೋಡಿಯಲ್ಲಿ ಹೆಂಗಸೊಬ್ಬಳು ಹಾಡಿದಳು. ಬೊಕ್‌ಸೂನ್ ಕುರ್ಚಿಯ ಕೈ ಹಿಡಿದುಕೊಂಡಳು. ಹಾಡುವವಳು ಪದಗಳ ನಡುವೆ ಉಸಿರೆಳೆದುಕೊಳ್ಳುವುದೂ ಕೇಳಿಸುತ್ತಿತ್ತು. ಅವಳಿಗೆ ತಂಗಿ ಜಂಗ್‌ಜಾ ನೆನಪಾದಳು. ಚರ್ಚಿನಲ್ಲಿ ಹಾಡುತ್ತಿದ್ದ ಜಂಗ್‌ಜಾ ಒಂದು ಕ್ಯಾಸೆಟ್ಟಿನಲ್ಲಿ ತನ್ನ ಹಾಡುಗಳನ್ನು ತುಂಬಿ ಅಕ್ಕನಿಗೆ ಕೊಟ್ಟಿದ್ದಳು. ಅದನ್ನೊಮ್ಮೆ ಹಾಕಿ ಎಂದು ಕೇಳಿದಾಗಲೆಲ್ಲ ಸಾಂಗ್‌ಗಿಲ್, "ಅಂಥ ಕಳಪೆ ರೆಕಾರ್ಡಿಂಗ್ ಹಾಕಿದ್ರೆ ಈ ಸ್ಪೀಕರಿಗೇ ಅವಮಾನ" ಎನ್ನುತ್ತಿದ್ದ. ಮುಂದೆ ಆಸ್ಪತ್ರೆ ಸೇರಿದ ಜಂಗ್‌ಜಾ ಮರಳಿ ಬರಲಿಲ್ಲ. ಮಣ್ಣು ಮಾಡಿ ಬಂದ ದಿನ ಬೊಕ್‌ಸೂನ್ ತಾನೇ ಕ್ಯಾಸೆಟ್ ಹಾಕಿದಳು. ಅದರಲ್ಲಿ ತಂಗಿಯ ಹಾಡಿನ ಬದಲು ಯಾರದೋ ಪಿಯಾನೋ ಇತ್ತು. "ಮೇಲೆ ಹೆಸರಿರ್ಲಿಲ್ಲ, ಖಾಲಿ ಅಂದ್ಕೊಂಡು ತುಂಬ್ಕೊಂಡೆ" ಎಂದಿದ್ದ ಸಾಂಗ್‌ಗಿಲ್. ಆಮೇಲೆ ಆ ಮಾತನ್ನು ಇಬ್ಬರೂ ಎತ್ತಿರಲಿಲ್ಲ.

ಅಂಗಡಿಯವನು ತಂತಿ ಬದಲಿಸಿದ. ಕಪ್ಪು ಗೋಪುರಗಳಲ್ಲಿ ಅದೇ ಹೆಂಗಸು ಹೊದಿಕೆಯೊಳಗೆ ಮುಖ ಹುದುಗಿಸಿಕೊಂಡವಳಂತೆ ಹಾಡಿದಳು. ಕೆಳಗಿನ ಸ್ವರಗಳು ಮಾತ್ರ ಪಕ್ಕದ ಮನೆಯ ಬಟ್ಟೆ ಒಗೆಯುವ ಯಂತ್ರದಂತೆ ಗುಡುಗಿದವು.

ಸಾಂಗ್‌ಗಿಲ್ ಅವಳ ಮುಖವನ್ನೇ ನೋಡುತ್ತಿದ್ದ. "ಏನಂತೀಯಾ?"

ಆ ಕಂದು ಜೋಡಿಯಂಥ ದನಿ ಇವನಿಗೆ ಯಾಕೆ ಸಿಗಬೇಕು ಎನ್ನಿಸಿತು ಅವಳಿಗೆ.

"ಕಪ್ಪದ್ದು" ಎಂದಳು.

"ಅಜ್ಜೀ, ಇನ್ನೊಂದ್ಸಲ ಕೇಳಿ" ಎಂದ ಅಂಗಡಿಯವನು ಗಾಬರಿಯಾಗಿ.

"ಅವಳು ಹೇಳಿದ್ಳಲ್ಲಪ್ಪಾ, ಕಟ್ಟಿಕೊಡು" ಎಂದ ಸಾಂಗ್‌ಗಿಲ್.

ಹೊಸಮನೆಯಲ್ಲಿ ಹಾಡು ಕೇಳಲೆಂದು ಗೆಳೆಯರು ಬಂದರು. ಬೊಕ್‌ಸೂನ್ ಒಣ ಸ್ಕ್ವಿಡ್ ಮೀನು ಸುಟ್ಟು, ಸೋಜು ಮದ್ಯದ ಬಾಟಲಿಗಳ ಪಕ್ಕ ಇಟ್ಟು ಅಡುಗೆಮನೆಗೆ ಸರಿದಳು. ಅರ್ಧ ರೆಕಾರ್ಡು ಮುಗಿಯುವಷ್ಟರಲ್ಲಿ ದೊಂಗ್‌ಶಿಕ್ ಬಾಯಿ ತೆರೆದ.

"ಏನಯ್ಯಾ ಇದು? ಬಾವಿಗೆ ಬಿದ್ದವಳು ಕೂಗ್ದಂಗಿದೆ! ಆ ಬಡಕಲು ಆಂಪ್ಲಿಫೈಯರಿಗೆ ಈ ಕೋಣಗಳನ್ನ ಕಟ್ಟು ಅಂದೋನ್ಯಾರು?"

ಉಳಿದವರು ಕಿಸಕ್ಕನೆ ನಕ್ಕರು. ಸಾಂಗ್‌ಗಿಲ್ ರೆಕಾರ್ಡಿನಿಂದ ಮುಳ್ಳು ಎತ್ತಿದ.

"ನಂಗೆ ಕಿವಿ ಹೋಗಿದೆ ಕಣಯ್ಯಾ. ಆರಿಸಿದ್ದು ಬೊಕ್‌ಸೂನ್."

ದೊಂಗ್‌ಶಿಕ್ ತೊಡೆ ತಟ್ಟಿಕೊಂಡ. "ಕಿಮ್ಚಿ ಉಪ್ಪಿನಕಾಯಿ ಹಾಕೋರ ಕೈಲಿ ಸ್ಪೀಕರ್ ಆರಿಸಿದ್ರೆ ಇನ್ನೇನಾಗತ್ತೆ! ಜಾಡಿ ಅಂದ್ಕೊಂಡಿರ್ಬೇಕು ಪಾಪ, ಎತ್ತರದ್ದೇ ನೋಡಿ ತಂದಿದಾಳೆ."

ಸಾಂಗ್‌ಗಿಲ್ ಎದ್ದು ಅವನ ಮುಂದಿದ್ದ ಸ್ಕ್ವಿಡ್ ತಟ್ಟೆಯನ್ನು ಎತ್ತಿಕೊಂಡ.

"ನಡಿ ಆಚೆ."

"ತಮಾಷೆಗಂದೆ ಮಾರಾಯ..."

"ನಿಮ್ಮೆಲ್ಲರ ಕಿವೀನೂ ಒಟ್ಟು ಹಾಕಿದ್ರೂ ಇವಳ ಒಂದು ಕಿವಿಗೆ ಸಮ ಆಗಲ್ಲ. ನಡೀರಿ ಅಂದ್ನಲ್ಲ!"

ಅವರು ಜೋಡು ಮೆಟ್ಟಿಕೊಂಡು ಹೊರಟರು. ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಅವರ ನಗು ಬೊಕ್‌ಸೂನ್‌ಗೆ ಕೇಳಿಸಿತು. ಸಾಂಗ್‌ಗಿಲ್‌ಗೆ ಕೇಳಿಸಲಿಲ್ಲ. ಅವನು ತಟ್ಟೆ ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದ.

"ಅವರ ಮಾತು ತಲೆಗೆ ಹಾಕ್ಕೋಬೇಡ" ಎಂದ.

ಇಷ್ಟು ವರ್ಷಗಳಲ್ಲಿ ಗೆಳೆಯರೆದುರು ಅವಳ ಪರ ಅವನು ಒಂದು ಮಾತೂ ಆಡಿರಲಿಲ್ಲ. ಇವತ್ತು ಆಡಿದ್ದ, ಅದೂ ಅವಳ ಸುಳ್ಳನ್ನು ನಂಬಿ. ಅವಳಿಂದ ತಡೆಯಲಾಗಲಿಲ್ಲ.

"ದೊಂಗ್‌ಶಿಕ್ ಹೇಳಿದ್ದು ಸರೀರೀ. ಸ್ಪೀಕರ್ ಚೆನ್ನಾಗಿಲ್ಲ. ನಂಗೆ ಅಂಗಡೀಲೇ ಗೊತ್ತಿತ್ತು. ಬೇಕೂಂತ್ಲೇ ಆರಿಸ್ದೆ."

ಅವನಿಗೆ ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಜೋರಾಗಿ ಹೇಳಹೊರಟಳು. ಅವನು ಕೈ ಅಡ್ಡ ಮಾಡಿ ತಡೆದ.

"ಜಂಗ್‌ಜಾ ಕ್ಯಾಸೆಟ್ಟಿಗಾ?"

ಬೊಕ್‌ಸೂನ್ ಪಾತ್ರೆ ತೊಳೆಯುವ ತೊಟ್ಟಿಯ ಅಂಚು ಹಿಡಿದು ನಿಂತಳು.

"ಹೆಸರು ಬರ್ದಿತ್ತು" ಎಂದ ಅವನು. "ಓದಿದ್ದೆ. ಹೆಸರಿನ ಚೀಟಿ ಕಿತ್ತು ಹಾಕಿದ್ದೂ ನಾನೇ. ದೊಂಗ್‌ಶಿಕ್ ತನ್ನ ಪಿಯಾನೋ ರೆಕಾರ್ಡು ವಾಪಸ್ ಕೇಳ್ತಿದ್ದ, ಕೊಡೋ ಮುಂಚೆ ತುಂಬ್ಕೋಬೇಕಿತ್ತು, ಅಂಗಡಿ ಮುಚ್ಚಿತ್ತು, ಖಾಲಿ ಕ್ಯಾಸೆಟ್ ಇರ್ಲಿಲ್ಲ. ಜಂಗ್‌ಜಾ ಇನ್ನೂ ಇದ್ಳಲ್ಲ ಆಗ, ಇನ್ನೊಂದ್ಸಲ ಹಾಡ್ತಾಳೆ ಬಿಡು ಅಂದ್ಕೊಂಡೆ."

"ಓದಿ... ಓದೀನೂ ಅಳಿಸಿದ್ರಾ?"

ಅವನು ತಟ್ಟೆಯನ್ನು ಕೆಳಗಿಟ್ಟ. ತಾನು ಮಾಡಿದ ಮೋಸವನ್ನು ಹೇಳಿಕೊಂಡು ಹಗುರಾಗಬೇಕೆಂದಿದ್ದವಳಿಗೆ ಮೈ ಉರಿಯತೊಡಗಿತು. ತಿಳಿಯದೆ ಮಾಡಿದ್ದನೇನೋ ಎಂದು ಇಷ್ಟು ದಿನ ಮನಸ್ಸಿನ ಮೂಲೆಯಲ್ಲಿ ಅವನಿಗೆ ಬಿಟ್ಟುಕೊಟ್ಟಿದ್ದ ಒಂದಿಷ್ಟು ಜಾಗವೂ ಇಲ್ಲವಾಯಿತು.

"ವಾಪಸ್ ಕೊಟ್ಟು ಆ ಕಂದು ಜೋಡಿ ತನ್ನಿ" ಎಂದಳು ಕೊನೆಗೆ.

"ಬೇಡ. ಇದೇ ಇರ್ಲಿ."

ಅದು ಪಶ್ಚಾತ್ತಾಪವೋ ಹಟವೋ ಅವಳು ಕೇಳಲಿಲ್ಲ. ದಿನಾ ಬೆಳಿಗ್ಗೆ ಅವನು ಆ ಕಪ್ಪು ಗೋಪುರಗಳ ಎದುರು ಕೂರುತ್ತಾನೆ. ದೊಂಗ್‌ಶಿಕ್ ಮತ್ತೆ ಬರಲಿಲ್ಲ, ಇವನೂ ಕರೆಯಲಿಲ್ಲ. ರೆಕಾರ್ಡು ಸುತ್ತತೊಡಗಿದೊಡನೆ ಬೊಕ್‌ಸೂನ್ ಚೀಲ ಹಿಡಿದು ಮಾರುಕಟ್ಟೆಗೆ ನಡೆಯುತ್ತಾಳೆ.

ಅಲ್ಲಿ ಒಂದು ದಿನ ದೊಂಗ್‌ಶಿಕ್‌ನ ಹೆಂಡತಿ ಸಿಕ್ಕಿದಳು. ಅವಳ ಮಾತಿನಲ್ಲಿ ಕೋಪವಿರಲಿಲ್ಲ.

"ನಿಮ್ಮ ಸಲುವಾಗಿ ನಮ್ಮನೆಯವರನ್ನೇ ಹೊರಗೆ ಹಾಕಿದ್ರಂತೆ. ಅಂಥ ಗಂಡ ಸಿಗೋಕೆ ಪುಣ್ಯ ಬೇಕು ಅಕ್ಕಾ. ನಮ್ಮೋರು ನಂಗೋಸ್ಕರ ಒಂದು ಬೆಕ್ಕನ್ನೂ ಓಡಿಸಲ್ಲ."

ಬೊಕ್‌ಸೂನ್ ಮೂಲಂಗಿಯೊಂದನ್ನು ಎತ್ತಿ, ಮಣ್ಣು ಒರೆಸಿ, ಇದು ಹೇಗೆ ಕೊಡ್ತೀಯಾ ಎಂದು ಅಂಗಡಿಯವಳನ್ನು ಕೇಳಿದಳು.