ಗುಂಡಮ್ಮನ ಬೂಟಿನ ಹಾಡು

ಚಿಕ್ಕ ಮಕ್ಕಳಿಗೆ ಹಾಡಿನ ವಿಡಿಯೊ ಮಾಡುವುದು ಏನು ಮಹಾ, ನಾಲ್ಕು ಬಲೂನು ಹಾರಿಸಿದರೆ ಆಯಿತಪ್ಪ ಎನ್ನುವವರನ್ನು ಹಿಡಿದು ತಂದು ಒಮ್ಮೆ ಶಿಶುವಿಹಾರದ ಬಾಗಿಲಲ್ಲಿ ನಿಲ್ಲಿಸಬೇಕು. ದೊಡ್ಡವರಾದರೆ ಚೆನ್ನಾಗಿಲ್ಲದಿದ್ದರೂ ಮುಖದಾಕ್ಷಿಣ್ಯಕ್ಕೆ ಚಪ್ಪಾಳೆ ತಟ್ಟುತ್ತಾರೆ. ಐದು ವರ್ಷದವರಿಗೆ ದಾಕ್ಷಿಣ್ಯ ಎಲ್ಲಿಂದ ಬರಬೇಕು? ಬೇಸರವಾದರೆ ಪಕ್ಕದವಳ ಜಡೆ ಎಳೆಯುತ್ತಾರೆ, ಅಷ್ಟೇ.

ಸಿನಿಮಾ ಕಾಲೇಜಿನ ಮೇಷ್ಟ್ರು ಇದನ್ನು ಚೆನ್ನಾಗಿ ಬಲ್ಲವರು. ವಿದ್ಯಾರ್ಥಿಗಳು ಮಕ್ಕಳಿಗೆಂದು ಏನೇ ಮಾಡಲಿ, ಅದನ್ನು ಮಕ್ಕಳ ನಡುವೆಯೇ ಹಾಕಿಸುತ್ತಿದ್ದರು. ತಾವು ಮಾತ್ರ ಪರದೆಗೆ ಬೆನ್ನು ಮಾಡಿ ಕುರ್ಚಿ ಹಾಕಿಕೊಂಡು, ಚಿತ್ರ ನೋಡುವುದು ಬಿಟ್ಟು ಮಕ್ಕಳ ಮುಖ ನೋಡುತ್ತಿದ್ದರು. "ನಿಮ್ಮ ಕಲೆ ಎಲ್ಲ ಆಮೇಲೆ ನೋಡೋಣ. ಮೊದಲು ಮಕ್ಕಳ ಕಣ್ಣು ಎಲ್ಲಿಗೆ ಹೋಗುತ್ತೆ ಅಂತ ನೋಡ್ಬೇಕು," ಎನ್ನುವುದು ಅವರ ಮಾತು. ಮಕ್ಕಳು ಆಕಳಿಸಿದರೆ ವಿದ್ಯಾರ್ಥಿಯ ಕಥೆ ಮುಗಿಯಿತು.

ಆ ಕುರ್ಚಿಯನ್ನು ನೆನೆದರೇ ಗಡಿಬಿಡಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಗಡಿಬಿಡಿ ಎಂದರೆ ಆ ಕಾಲೇಜಿನ ಕೊನೆಯ ವರ್ಷದ ಹುಡುಗಿ. ನಡೆಯುವ ಕಡೆ ಓಡುವವಳು, ಪೂರ್ತಿ ಕೇಳುವ ಮೊದಲೇ ಉತ್ತರ ಕೊಡುವವಳು. ಮನೆಯವರು ಇಟ್ಟ ಹೆಸರು ಕಾಲೇಜಿಗೂ ಬೆನ್ನುಹತ್ತಿ ಬಂದಿತ್ತು. ಇವತ್ತು ಅವಳ ಸರದಿ. ಬೆಳಗ್ಗೆ ಅಕ್ಕನ ಮನೆಯ ಅಡುಗೆಮನೆಯಲ್ಲಿ ನಿಂತುಕೊಂಡೇ ಚಹಾ ಕುಡಿಯುತ್ತಾ, ಲ್ಯಾಪ್‌ಟಾಪ್ ಚೀಲದಲ್ಲಿದೆಯೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು.

ವಿಡಿಯೊದ ನಾಯಕಿ ಅಲ್ಲೇ ಹೊಸ್ತಿಲ ಮೇಲೆ ಕೂತು ಬೂಟು ಹಾಕಿಕೊಳ್ಳುತ್ತಿದ್ದಳು. ಅಕ್ಕನ ಮಗಳು, ಗುಂಡಮ್ಮ. ಹುಟ್ಟಿದಾಗ ಗುಂಡುಗುಂಡಗೆ ಇದ್ದಳೆಂದು ಇಟ್ಟ ಹೆಸರು. ಈಗ ಮೈ ಕಡ್ಡಿಯಾಗಿದೆ, ಹೆಸರು ಮಾತ್ರ ಇಳಿದಿಲ್ಲ. ಕಾಲಿಗೆ ಬೂಟು ಏರಿಸುವಷ್ಟರಲ್ಲಿ ಇಡೀ ಹಾಡು ಹಾಡಿ ಮುಗಿಸಿದ್ದಳು.

"ಎಡಗಾಲಿಗೆ ಎಡ ಬೂಟು, ಬಲಗಾಲಿಗೆ ಬಲ ಬೂಟು, ದಾರ ಎಳೆದು ಗಂಟು ಹಾಕು, ಬಾಗಿಲು ದಾಟು, ಬೀದಿ ದಾಟು!"

ಅಕ್ಕ ದಂತವೈದ್ಯರ ಹತ್ತಿರ ಸಹಾಯಕಿ. ಮಗಳ ಶಿಶುವಿಹಾರದಲ್ಲೇ ನಡೆಯುವ ಈ ಪ್ರದರ್ಶನ ನೋಡಬೇಕೆಂದು ಅರ್ಧ ದಿನ ರಜೆ ಕೇಳಿಕೊಂಡಿದ್ದಳು. ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಗೆಲುವು ಕಾಣುತ್ತಿತ್ತು. ಮನೆ ಬದಲಾಯಿಸಿದ ಮೇಲೆ ಗುಂಡಮ್ಮ ಹೊಸ ಶಿಶುವಿಹಾರದಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಡಬ್ಬಿ ಬಿಚ್ಚುವಾಗ ಗೋಡೆಗೆ ಮುಖ ಮಾಡಿ ಒಬ್ಬಳೇ ತಿನ್ನುತ್ತಾಳೆಂದು ಟೀಚರ್ ಹೇಳಿದ ದಿನ ಅಕ್ಕ ರಾತ್ರಿ ಊಟ ಬಿಟ್ಟಿದ್ದಳು.

"ಕೇಳೇ, ನಿನ್ನೆ ಟೀಚರ್ ಸಿಕ್ಕಿದ್ರು," ಎಂದಳು ಅಕ್ಕ. "ಇವಳು ಕ್ಲಾಸಲ್ಲಿ ಮೊದಲನೇ ಸಲ ಬಾಯಿ ಬಿಟ್ಳಂತೆ! 'ನಾಳೆ ಟೀವಿ ಥರ ದೊಡ್ಡದಾಗಿ ನಾನು ಬರ್ತೀನಿ, ನಾನೇ ಹಾಡಿರೋದು, ನನ್ನದೇ ಧ್ವನಿ' ಅಂದ್ಲಂತೆ. ಅಲ್ಲೊಬ್ಬಳು ಬೊಚ್ಚುಬಾಯಿ ಇದ್ದಾಳಲ್ಲ, ಮುಂದಿನ ಹಲ್ಲು ಬಿದ್ದಿರೋಳು, ಇಡೀ ಕ್ಲಾಸಿಗೆ ಅವಳೇ ಯಜಮಾನಿ, ಅವಳು 'ಸುಳ್ಳಿ' ಅಂದಳಂತೆ. ಇವಳು ಬಿಟ್ಟಾಳಾ? 'ನಾಳೆ ನೋಡು' ಅಂದ್ಲಂತೆ ಕಣೆ!"

ಗಡಿಬಿಡಿಯ ಕೈಯ ಲೋಟ ತುಟಿಯ ಹತ್ತಿರವೇ ನಿಂತಿತು. "ತನ್ನದೇ ಧ್ವನಿ ಅಂದ್ಲಾ?"

"ಹೂಂ. ಯಾಕೆ?"

ಯಾಕೆಂದರೆ ಆ ವಿಡಿಯೊದಲ್ಲಿ ಹಾಡಿದ್ದು ಗಡಿಬಿಡಿ. ಗುಂಡಮ್ಮ ತುಟಿ ಆಡಿಸಿದ್ದಳು, ಅಷ್ಟೇ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಾಡು ನಿಧಾನದ್ದು. ಮಗು ನೀರೊಳಗೆ ತೇಲುವಂತೆ ಕಾಣಬೇಕು, ಜಡೆ ಮೆಲ್ಲಗೆ ಏಳಬೇಕು, ಕಾಗದದ ಮೋಡ ಮೆಲ್ಲಗೆ ಇಳಿಯಬೇಕು, ಆದರೆ ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂಡಬೇಕು ಎಂದು ಗಡಿಬಿಡಿಯ ಆಸೆ. ಅದಕ್ಕೊಂದು ಉಪಾಯವಿದೆ. ಚಿತ್ರ ತೆಗೆಯುವಾಗ ಹಾಡನ್ನು ಎರಡರಷ್ಟು ವೇಗದಲ್ಲಿ ಹಾಕುತ್ತಾರೆ, ಮಗು ಆ ವೇಗಕ್ಕೇ ತುಟಿ ಆಡಿಸುತ್ತದೆ, ಆಮೇಲೆ ಚಿತ್ರವನ್ನು ಅರ್ಧ ವೇಗಕ್ಕೆ ಇಳಿಸುತ್ತಾರೆ. ತುಟಿ ನಿಧಾನದ ಹಾಡಿಗೆ ಕೂಡುತ್ತದೆ, ಉಳಿದದ್ದೆಲ್ಲ ತೇಲುತ್ತದೆ. ನಿಧಾನದ ಹಾಡು ಕಿವಿಗೆ ಬಿದ್ದರೆ ಮಗು ತಾಳ ತಪ್ಪುತ್ತದೆಂದು ಗಡಿಬಿಡಿ ಮನೆಯಲ್ಲಿ ವೇಗದ ಹಾಡನ್ನಷ್ಟೇ ಹಾಕುತ್ತಿದ್ದಳು. ಮುಗಿದ ವಿಡಿಯೊವನ್ನೂ ಯಾರಿಗೂ ತೋರಿಸಿರಲಿಲ್ಲ. ವೇಗ ಹೆಚ್ಚಿಸಿದರೆ ದೊಡ್ಡವರ ಧ್ವನಿಯೂ ತೆಳ್ಳಗಾಗಿ ಮಕ್ಕಳ ಧ್ವನಿಯಂತೆ ಕೇಳುತ್ತದೆ. ಅಭ್ಯಾಸದ ನಡುವೆ ಒಂದು ದಿನ ಗುಂಡಮ್ಮ, "ಚಿಕ್ಕಿ, ಇದು ಯಾರು ಹಾಡ್ತಿರೋದು?" ಎಂದು ಕೇಳಿದ್ದಳು. ಗಡಿಬಿಡಿ ರಟ್ಟಿನ ಮೋಡ ಕತ್ತರಿಸುತ್ತಿದ್ದಳು, ತಲೆಯನ್ನೂ ಎತ್ತಲಿಲ್ಲ. "ನೀನೇ ಕಣೆ, ಇನ್ಯಾರು? ನಿನ್ನದೇ ಧ್ವನಿ. ಎಷ್ಟು ಚೆನ್ನಾಗಿದೆ ನೋಡು. ಎಲ್ಲಿ, ಇನ್ನೊಂದು ಸಲ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತಿನಿಂದ ಆ ಕೂಸು ಫೋನನ್ನು ಕಿವಿಗೆ ಒತ್ತಿ ಹಿಡಿದು ತನ್ನ ಧ್ವನಿಯನ್ನು ತಾನೇ ಕೇಳಿಕೊಂಡು ಹಿಗ್ಗುತ್ತಿತ್ತು.

ವಿಷಯ ತಿಳಿದ ಅಕ್ಕನ ಮುಖದ ಗೆಲುವು ಹಾರಿಹೋಯಿತು. "ಅಯ್ಯೋ ನಿನ್ನ ಆತುರಕ್ಕೆ ಬೆಂಕಿ ಬೀಳ! ಈಗ ಪರದೆ ಮೇಲೆ ಇವಳ ಬಾಯಿಂದ ನಿನ್ನ ಧ್ವನಿ ಬರುತ್ತೆ, ಅಲ್ವಾ? ಆ ಮಕ್ಕಳು ಬಿಡ್ತಾರಾ? ನಾಳೆಯಿಂದ ಇವಳು ಮತ್ತೆ ಗೋಡೆಗೆ ಮುಖ ಮಾಡಿ ಕೂತರೆ ಏನೇ ಮಾಡ್ಲಿ ನಾನು?"

"ದಾರಿಯಲ್ಲಿ ಹೇಳಿ ಒಪ್ಪಿಸ್ತೀನಿ ಅಕ್ಕ."

ಒಪ್ಪಿಸುವುದಂತೆ! ರಸ್ತೆಯಲ್ಲಿ ಗುಂಡಮ್ಮನ ಕೈ ಹಿಡಿದು ಗಡಿಬಿಡಿ ಎಲ್ಲ ರೀತಿಯಲ್ಲೂ ಹೇಳಿ ನೋಡಿದಳು. "ಪುಟ್ಟಾ, ಅಲ್ಲಿ ಹಾಡು ಸ್ವಲ್ಪ ಬೇರೆ ಥರ ಇರುತ್ತೆ. ನಿಧಾನವಾಗಿ, ಹೀಗೆ... ಎಡಗಾಲಿಗೇ... ಎಡ ಬೂಟೂ..."

ಗುಂಡಮ್ಮ ಮರುಕದಿಂದ ಅವಳನ್ನು ನೋಡಿದಳು. "ತಪ್ಪು ಹಾಡ್ತಿದ್ದೀಯ ಚಿಕ್ಕಿ. ನಿಂಗೆ ಬರಲ್ಲ ಬಿಡು. ಅಲ್ಲಿ ನಾನು ಹಾಡ್ತೀನಿ, ಕೇಳಿಸ್ಕೋ."

ನಿಜ ಹೇಳಲು ಬಾಯಿ ತೆರೆದಳು, ಆಗಲಿಲ್ಲ. ಆ ಮುಖಕ್ಕೆ ಅದನ್ನು ಹೇಳುವಷ್ಟು ಕಲ್ಲು ಮನಸ್ಸು ಯಾರಿಗಿದೆ? ವಿಡಿಯೊ ತಿದ್ದಲು ಹೊತ್ತಿಲ್ಲ, ಮುಂದೂಡೋಣವೆಂದರೆ ಮೇಷ್ಟ್ರು ಒಪ್ಪುವವರಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ಇಂಥವರಿಗೇ. ಶಿಶುವಿಹಾರದ ಗೇಟು ಬಂದಾಗ ಅವಳ ಅಂಗೈ ಎಷ್ಟು ಬೆವೆತಿತ್ತೆಂದರೆ ಗುಂಡಮ್ಮ ಕೈ ಬಿಡಿಸಿಕೊಂಡು ಲಂಗಕ್ಕೆ ಒರೆಸಿಕೊಂಡಳು.

ತರಗತಿಯ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದ್ದರು. ಮಕ್ಕಳು ಚಾಪೆಯ ಮೇಲೆ ಒತ್ತೊತ್ತಾಗಿ ಕೂತಿದ್ದರು. ಗುಂಡಮ್ಮ ಎಂದಿನ ಗೋಡೆಯ ಪಕ್ಕ ಬಿಟ್ಟು ಇವತ್ತು ಮುಂದಿನ ಸಾಲಿಗೆ, ಬೊಚ್ಚುಬಾಯಿಯ ಪಕ್ಕಕ್ಕೇ ಹೋಗಿ ಕೂತಳು. ಮೇಷ್ಟ್ರು ಕುರ್ಚಿ ತಿರುಗಿಸಿಕೊಂಡರು. ಅಕ್ಕ ಬಾಗಿಲಿಗೆ ಒರಗಿ ನಿಂತಳು. ಗಡಿಬಿಡಿ ಗುಂಡಿ ಒತ್ತಿದಳು.

ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಪರದೆಯಲ್ಲಿ ಗುಂಡಮ್ಮನ ಜಡೆ ಎದ್ದು ಗಾಳಿಯಲ್ಲಿ ನಿಂತಿತು, ಬೂಟೊಂದು ಮೆಲ್ಲಗೆ ಉರುಳುತ್ತಾ ಕೈಗೆ ಬಂದು ಕೂತಿತು. ಯಾರೂ ಯಾರ ಜಡೆಯನ್ನೂ ಎಳೆಯಲಿಲ್ಲ. ಮೇಷ್ಟ್ರು ತಲೆದೂಗಿದರು. ಬೇರೆ ದಿನವಾಗಿದ್ದರೆ ಗಡಿಬಿಡಿ ಕುಣಿದಾಡುತ್ತಿದ್ದಳು.

ಆಮೇಲೆ ಹಾಡು ಶುರುವಾಯಿತು. ಗುಂಡಮ್ಮ ಎದೆ ಸೆಟೆಸಿ ಜೊತೆಗೆ ಹಾಡತೊಡಗಿದಳು, ತನ್ನ ವೇಗದಲ್ಲಿ. ಪರದೆಯವಳು ಇನ್ನೂ ಬಲ ಬೂಟಿನಲ್ಲೇ ಇರುವಾಗ ಇವಳು ಬೀದಿ ದಾಟಿಯಾಗಿತ್ತು. ನಿಲ್ಲಿಸಿ ಕಣ್ಣು ಪಿಳಿಪಿಳಿ ಬಿಟ್ಟಳು. ಪರದೆಯ ಮೇಲಿನ ತನ್ನ ಬಾಯಿಂದ ದಪ್ಪನೆಯ, ದೊಡ್ಡ ಹೆಂಗಸಿನ ಧ್ವನಿ ಬರುತ್ತಿತ್ತು.

"ಟೀಚರ್, ಇದು ದೊಡ್ಡೋರ ಧ್ವನಿ!" ಬೊಚ್ಚುಬಾಯಿ ಎದ್ದು ನಿಂತಳು. "ಇವಳಲ್ಲ ಹಾಡಿರೋದು! ಸುಳ್ಳಿ, ಸುಳ್ಳಿ!"

ಒಂದು ಕುರಿ ಹಳ್ಳಕ್ಕೆ ಬಿದ್ದರೆ ಸಾಕಲ್ಲ. ಇಡೀ ಚಾಪೆಯೇ "ಸುಳ್ಳಿ, ಸುಳ್ಳಿ" ಎಂದು ಕೂಗತೊಡಗಿತು. ಗುಂಡಮ್ಮ ಅಳಲಿಲ್ಲ. ತಿರುಗಿ ಅಮ್ಮನ ಕಡೆಗೂ ನೋಡಲಿಲ್ಲ. ಹಿಂದೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದವಳನ್ನು ನೋಡಿ ಕೇಳಿದಳು: "ಚಿಕ್ಕಿ, ನನ್ನ ಧ್ವನಿ ಎಲ್ಲಿ?"

ಗಡಿಬಿಡಿ ವಿಡಿಯೊ ನಿಲ್ಲಿಸಿಬಿಟ್ಟಳು.

"ಯಾಕಮ್ಮ ನಿಲ್ಲಿಸ್ದೆ?" ಮೇಷ್ಟ್ರ ಧ್ವನಿ ಗಡುಸಾಗಿತ್ತು. "ಪರೀಕ್ಷೆ ನಡೀತಿದೆ ಅನ್ನೋದು ನೆನಪಿದೆಯಾ?"

"ಇದೆ ಸರ್. ಒಂದೇ ನಿಮಿಷ."

ಮಾಡಬಹುದಾದದ್ದು ಅವಳಿಗೆ ತಟ್ಟನೆ ಹೊಳೆದಿತ್ತು. ವೇಗವನ್ನು ಎರಡರಷ್ಟು ಮಾಡಿದರೆ ಸಾಕು, ಆ ತೆಳ್ಳನೆಯ ಧ್ವನಿ ಬರುತ್ತದೆ, ಮಕ್ಕಳು ನಂಬುತ್ತಾರೆ, ಗುಂಡಮ್ಮನೂ ನಂಬುತ್ತಾಳೆ. ವೇಗ ಬದಲಾಯಿಸಿದಳು. ಒತ್ತಬೇಕೆನ್ನುವಾಗ ಬೆರಳು ತಡೆಯಿತು. ಇವತ್ತು ನಂಬುತ್ತಾರೆ, ಸರಿ. ನಾಳೆ ಆ ಬೊಚ್ಚುಬಾಯಿ "ಎಲ್ಲಿ, ಈಗ ಹಾಡು" ಎಂದರೆ? ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ತೇಪೆ ಹಾಕಿದರೆ ಅದು ಹರಿಯುವುದು ಮಗುವಿನ ಮೈಮೇಲೆ. ಅವಳು ವೇಗವನ್ನು ಹಾಗೇ ಬಿಟ್ಟು, ಧ್ವನಿಯನ್ನು ಪೂರ್ತಿ ಆಫ್ ಮಾಡಿದಳು. ಎದ್ದು ಮುಂದೆ ಬಂದಳು.

"ಮಕ್ಕಳೇ, ಸುಳ್ಳು ಹೇಳಿದ್ದು ನಾನು. ಗುಂಡಮ್ಮ ಅಲ್ಲ. ಆ ಧ್ವನಿ ನಂದು. ಅವಳಿಗೆ 'ನಿಂದೇ' ಅಂತ ಹೇಳಿ ಮೋಸ ಮಾಡಿದ್ದೂ ನಾನೇ." ಗುಂಡಮ್ಮನ ಮುಂದೆ ಮಂಡಿಯೂರಿ ಕೂತಳು. "ಆದ್ರೆ ಹಾಡು ನಿಂದೇ ಪುಟ್ಟಾ. ಅಲ್ಲಿ ಈಗ ಧ್ವನಿ ಇಲ್ಲ. ನೀನು ಹಾಡಿದ್ರೆ ಉಂಟು, ಇಲ್ಲಾಂದ್ರೆ ಇಲ್ಲ."

ಗಡಿಬಿಡಿ ಹಿಂದೆ ಹೋಗಿ ಮೊದಲಿನಿಂದ ಹಾಕಿದಳು.

ಈಗ ಏನೂ ತೇಲಲಿಲ್ಲ. ಜಡೆ ಎಲ್ಲರ ಜಡೆಯಂತೆ ಕುಣಿಯಿತು, ಕಾಗದದ ಮೋಡ ಪಟಕ್ಕನೆ ನೆಲಕ್ಕೆ ಬಿತ್ತು. ಅಷ್ಟು ದಿನದ ದುಡಿಮೆಯೆಲ್ಲ ಮನೆಯಲ್ಲಿ ಯಾರೋ ಫೋನಿನಲ್ಲಿ ತೆಗೆದಂತೆ ಕಂಡಿತು. ಪರದೆಯ ಗುಂಡಮ್ಮ ಬಾಯಿ ತೆರೆದಳು. ಕೋಣೆ ನಿಶ್ಶಬ್ದ. ಮೊದಲ ಸಾಲು ಹಾಗೇ ಹೋಯಿತು, ಬರಿಯ ತುಟಿ. ಬಾಗಿಲ ಹತ್ತಿರ ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಯಾರೋ ಕಿಸಕ್ಕೆಂದರು. ಹಾಡಮ್ಮ, ನಿನ್ನ ದಮ್ಮಯ್ಯ, ಹಾಡು ಎಂದು ಗಡಿಬಿಡಿ ಮನಸ್ಸಿನಲ್ಲೇ ಬೇಡಿಕೊಂಡಳು.

"...ಬಲಗಾಲಿಗೆ ಬಲ ಬೂಟು..."

ಸಣ್ಣದಾಗಿ, ನೆಗಡಿಗೆ ಕಟ್ಟಿದ ಮೂಗಿನಿಂದ ಬಂದ ಧ್ವನಿ. ತೆಳ್ಳಗೂ ಇಲ್ಲ, ಇಂಪೂ ಇಲ್ಲ, ಸ್ವಲ್ಪ ಒಡಕು. ಆದರೆ ತುಟಿಗೆ ಕೂದಲೆಳೆಯಷ್ಟೂ ತಪ್ಪದೆ ಕೂಡಿತು. ಕೂಡದೇ ಏನು? ಅದೇ ವೇಗದಲ್ಲಿ, ಅದೇ ಬಾಯಿ ಆಡಿಸಿದ ಹಾಡಲ್ಲವೇ? "ದಾರ ಎಳೆದು ಗಂಟು ಹಾಕು!" ಧ್ವನಿ ಏರಿತು. ಬೊಚ್ಚುಬಾಯಿ ಪರದೆಯ ಬಾಯಿ ನೋಡಿದಳು, ಪಕ್ಕದ ಬಾಯಿ ನೋಡಿದಳು, ಮತ್ತೆ ಪರದೆ ನೋಡಿದಳು.

"ಇವಳೇ ಕಣ್ರೋ!" ಎಂದು ಕಿರುಚಿದಳು.

ಎರಡನೇ ಸಲ ಹಾಡು ಬರುವಷ್ಟರಲ್ಲಿ ಇಡೀ ಚಾಪೆ ಬಾಗಿಲು ದಾಟಿ ಬೀದಿ ದಾಟುತ್ತಿತ್ತು. ಗಡಿಬಿಡಿ ಹೆದರಿಕೊಂಡೇ ಮೇಷ್ಟ್ರ ಕಡೆ ನೋಡಿದಳು. ಅವರು ಕುರ್ಚಿಯನ್ನು ತಿರುಗಿಸಿಕೊಂಡು ಪರದೆಗೆ ಮುಖ ಮಾಡಿ ಕೂತಿದ್ದರು.

ವಿಡಿಯೊ ಮುಗಿಯಿತು. ಕೊನೆಯಲ್ಲಿ ಹೆಸರಿನ ಸಾಲು ಬಂದು ಪರದೆಯ ಮೇಲೆ ನಿಂತಿತು. ಹಾಡಿದವರು ಎಂದು ಬರೆದು, ಕೆಳಗೆ ದಪ್ಪ ಅಕ್ಷರದಲ್ಲಿ ಗಡಿಬಿಡಿ ತನ್ನ ಹೆಸರನ್ನೇ ಹಾಕಿಕೊಂಡಿದ್ದಳು. ಅದು ಅವಳಿಗೆ ಮರೆತೇಹೋಗಿತ್ತು.

"ಅಲ್ಲಿ ಏನು ಬರ್ದಿದೆ?" ಎಂದು ಬೊಚ್ಚುಬಾಯಿ ಕೇಳಿದಳು. ಆ ಚಾಪೆಯ ಮೇಲೆ ಓದಲು ಬರುವವರು ಒಬ್ಬರೂ ಇರಲಿಲ್ಲ.

ಗುಂಡಮ್ಮನಿಗೂ ಬರುತ್ತಿರಲಿಲ್ಲ. ಅವಳು ಕತ್ತು ಎತ್ತಿ ಮೇಷ್ಟ್ರನ್ನು ನೋಡಿದಳು.

ಮೇಷ್ಟ್ರು ಎದ್ದರು. ಕನ್ನಡಕ ಸರಿಮಾಡಿಕೊಂಡು, ಪರದೆಯ ಹತ್ತಿರ ಹೋಗಿ, ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು, ಇಡೀ ಕೋಣೆಗೆ ಕೇಳುವಂತೆ ಓದಿದರು.

"ಹಾಡಿದವರು: ಕುಮಾರಿ ಗುಂಡಮ್ಮ."